ಬಸಿರು, ಬೇನೆ ಮತ್ತು ಒಂದು ತಿಂಗಳು

ಬಸಿರು ಕಾಯಿಲೆಯಲ್ಲ ಎಂದು ನಮ್ಮ ಹಿರಿಯ ಹೆಂಗಸರು ಹೇಳುತ್ತ ಬಂದಿದ್ದಾರೆ. ಆ ಮಾತಿನಲ್ಲಿ ಹೆದರಿದವಳಿಗೆ ಧೈರ್ಯ ತುಂಬುವ ಉದ್ದೇಶವಿದೆ, ಬಹುಮಟ್ಟಿಗೆ ಸತ್ಯವೂ ಇದೆ. ನಮ್ಮ ಭಾಷೆ ಈ ಅವಧಿಯ ಒಂದೊಂದು ಘಟ್ಟಕ್ಕೂ ಒಂದೊಂದು ಹೆಸರಿಟ್ಟು ಗೌರವಿಸಿದೆ: ಬಯಕೆ, ಸೀಮಂತ, ಹೆರಿಗೆ, ಬಾಣಂತನ. ಆದರೆ ಇದೇ ಭಾಷೆಯಲ್ಲಿ ಬೇನೆ ಎಂಬ ಇನ್ನೊಂದು ಮಾತಿದೆ. ರೋಗಕ್ಕೂ ಬೇನೆ ಎನ್ನುತ್ತೇವೆ, ಹೆರಿಗೆಯ ನೋವಿಗೂ ಬೇನೆ ಎನ್ನುತ್ತೇವೆ. ಬಸಿರು ರೋಗವಲ್ಲ ಎಂದವರೂ ಬಸುರಿಗೆ ರೋಗ ತಟ್ಟಬಹುದು ಎಂಬುದನ್ನು ಅರಿತೇ ಇದ್ದರು. ನಿಲ್ಲದ ವಾಂತಿ, ಕಾಲಿನ ಬಾವು, ರಕ್ತಸ್ರಾವ, ಬಾಣಂತಿಯ ಸನ್ನಿ, ಇವುಗಳಲ್ಲಿ ಒಂದನ್ನಾದರೂ ಕಾಣದ ಮನೆ ಅಪರೂಪ.

ಮನೆಯೊಳಗೆ ಬಸಿರಿಗೂ ಬೇನೆಗೂ ಗಡಿ ಗೆರೆ ಎಳೆಯುವ ಅಗತ್ಯ ಬೀಳಲಿಲ್ಲ. ಹೆಣ್ಣು ಮತ್ತೊಬ್ಬರ ಕಾರ್ಖಾನೆಯಲ್ಲಿ ಕೂಲಿಗೆ ನಿಂತ ದಿನ ಆ ಅಗತ್ಯ ಹುಟ್ಟಿತು. ಆಕೆ ಬಾರದ ದಿನವನ್ನು ಹಾಜರಿಪುಸ್ತಕದಲ್ಲಿ ಯಾವ ಹೆಸರಿನಿಂದ ಬರೆಯಬೇಕು? ಹೆರಿಗೆಯ ರಜೆಯೆಂದೇ, ಕಾಯಿಲೆಯ ರಜೆಯೆಂದೇ, ಅಥವಾ ಬರಿಯ ಗೈರುಹಾಜರಿಯೆಂದೇ? ಆ ದಿನದ ಕೂಲಿಯನ್ನು ಯಾರು ಕೊಡಬೇಕು? ಗುಣವಾಗಿ ಹಿಂದಿರುಗಿದಾಗ ಆಕೆಯ ಜಾಗ ಆಕೆಗೆ ಉಳಿದಿರಬೇಕೇ? ನೋಡಲು ಸಣ್ಣವಾದ ಈ ಪ್ರಶ್ನೆಗಳ ಹಿಂದೆ ಸುಮಾರು ನೂರೈವತ್ತು ವರ್ಷಗಳ ಇತಿಹಾಸವಿದೆ. ಆ ಇತಿಹಾಸದ ಕೆಲವು ಮುಖ್ಯ ಘಟ್ಟಗಳನ್ನು ಇಲ್ಲಿ ನೆನೆಯಬಹುದು.

ಹೊಲದಲ್ಲಿ ದುಡಿಯುತ್ತಿದ್ದ ಹೆಂಗಸು ಬೇನೆ ಬರುವವರೆಗೂ ದುಡಿದಳೆಂಬುದು ಹೆಮ್ಮೆಯ ಮಾತಾಗಿ ಕೇಳಿಬರುವುದುಂಟು. ಆಕೆಗೆ ಬೇರೆ ದಾರಿಯಿರಲಿಲ್ಲವೆಂಬುದನ್ನು ಆ ಹೆಮ್ಮೆ ಮರೆಸುತ್ತದೆ. ಆದರೂ ಹೊಲದ ಕೆಲಸಕ್ಕೆ ಒಂದು ಸಡಿಲವಿತ್ತು: ಮರದ ನೆರಳಿನಲ್ಲಿ ಗಳಿಗೆ ಹೊತ್ತು ಕೂರಬಹುದಾಗಿತ್ತು, ಓರಗಿತ್ತಿಯೊಬ್ಬಳು ಕೈಗೂಡಿಸಬಹುದಾಗಿತ್ತು. ಗಿರಣಿಯ ಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ. ಅದು ಶಿಳ್ಳೆ ಹಾಕಿದಾಗ ಬಂದು ನಿಲ್ಲಬೇಕು. ಬಾರದವಳ ಜಾಗದಲ್ಲಿ ಬಾಗಿಲ ಬಳಿ ಕಾದಿರುವ ಇನ್ನೊಬ್ಬಳು ನಿಲ್ಲುತ್ತಾಳೆ. ಆದುದರಿಂದ ಬಸುರಿಯ ಹಕ್ಕಿನ ಕಥೆ ಯಂತ್ರಗಳು ಮೊದಲು ಮೊಳಗಿದ ಯುರೋಪಿನಲ್ಲಿ ಆರಂಭವಾದುದು ಸಹಜವೇ.

೧೮೭೭ರಲ್ಲಿ ಸ್ವಿಟ್ಜರ್ಲೆಂಡಿನ ಕಾರ್ಖಾನೆ ಕಾನೂನು, ಹೆರಿಗೆಯ ಹಿಂದೆ ಮುಂದೆ ಸೇರಿ ಎಂಟು ವಾರ ಹೆಂಗಸರನ್ನು ದುಡಿಸಬಾರದೆಂದು ವಿಧಿಸಿತು. ಮರುವರ್ಷ ಜರ್ಮನಿ ಹೆರಿಗೆಯ ನಂತರದ ಮೂರು ವಾರ ಕೆಲಸವನ್ನು ನಿಷೇಧಿಸಿತು. ಇವೆಲ್ಲ ನಿಷೇಧಗಳು. ದುಡಿಯಬೇಡವೆಂದು ಹೇಳಿದ ಕಾನೂನು, ದುಡಿಯದ ದಿನ ಏನು ತಿನ್ನಬೇಕೆಂದು ಹೇಳಲಿಲ್ಲ. ೧೮೮೩ರಲ್ಲಿ ಬಿಸ್ಮಾರ್ಕನ ಆಡಳಿತ ಕಾಯಿಲೆಯ ವಿಮೆಯನ್ನು ಜಾರಿಗೆ ತಂದಾಗ ಮೊದಲ ಬಾರಿಗೆ ಅದಕ್ಕೊಂದು ಉತ್ತರ ದೊರೆಯಿತು. ವಿಮೆಗೆ ಒಳಪಟ್ಟ ಹೆಂಗಸಿಗೆ ಹೆರಿಗೆಯ ನಂತರದ ಮೂರು ವಾರ ಹಣ ಸಿಗುವಂತಾಯಿತು. ಹಣ ಬಂದುದು ಕಾಯಿಲೆಯ ನಿಧಿಯಿಂದ ಎಂಬುದು ಗಮನಾರ್ಹ. ಬಸಿರು ಕಾಯಿಲೆಯಲ್ಲವೆಂದು ಲೋಕ ಹೇಳಿದರೂ ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಕಾಯಿಲೆಯ ಕಲಮಿನಲ್ಲಿಯೇ ಜಾಗ ದೊರೆಯಿತು. ಅಂದು ಹುಟ್ಟಿದ ಗೊಂದಲ ಮುಂದಿನ ನೂರು ವರ್ಷವೂ ಬಿಡಲಿಲ್ಲ.

ಈ ಗೊಂದಲವನ್ನು ಬಿಡಿಸುವ ಮೊದಲ ಪ್ರಯತ್ನ ನಡೆದುದು ೧೯೧೯ರಲ್ಲಿ. ಮೊದಲ ಮಹಾಯುದ್ಧ ಮುಗಿದು, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹುಟ್ಟಿ, ಅದರ ಮೊದಲ ಅಧಿವೇಶನ ವಾಷಿಂಗ್‌ಟನ್ ನಗರದಲ್ಲಿ ಕೂಡಿತು. ಹೆಂಗಸರು ಅಲ್ಲಿ ಸಲಹೆಗಾರರಾಗಿ ಇದ್ದರು. ಅದೇ ಊರಿನಲ್ಲಿ, ಅದೇ ದಿನಗಳಲ್ಲಿ ದುಡಿಯುವ ಹೆಂಗಸರ ಅಂತರರಾಷ್ಟ್ರೀಯ ಸಮ್ಮೇಳನವೊಂದೂ ಸೇರಿ ತನ್ನ ಬೇಡಿಕೆಗಳನ್ನು ಮುಂದಿಟ್ಟಿತು. ಆ ಅಧಿವೇಶನದಿಂದ ಹೊರಬಂದ ಮೂರನೆಯ ಒಡಂಬಡಿಕೆಯೇ ತಾಯ್ತನದ ರಕ್ಷಣೆಯದು. ಹೆರಿಗೆಗೆ ಮುನ್ನ ಆರು ವಾರ, ಅನಂತರ ಆರು ವಾರ ವಿಶ್ರಾಂತಿ. ತಾಯಿ ಮಗುವಿನ ಪೋಷಣೆಗೆ ಸಾಕಾಗುವ ಹಣ. ವೈದ್ಯರ ಅಥವಾ ಸೂಲಗಿತ್ತಿಯ ಉಚಿತ ನೆರವು. ಮಗುವಿಗೆ ಹಾಲೂಡಿಸಲು ದಿನಕ್ಕೆ ಎರಡು ಬಾರಿ ಅರ್ಧ ಗಂಟೆಯ ಬಿಡುವು. ಹಣ ಬರಬೇಕಾದುದು ಸಾರ್ವಜನಿಕ ನಿಧಿಯಿಂದ ಇಲ್ಲವೇ ವಿಮೆಯಿಂದ ಎಂದೂ ಅದು ಹೇಳಿತು.

ಈ ಒಡಂಬಡಿಕೆಯ ನಾಲ್ಕನೆಯ ವಿಧಿ ನಮ್ಮ ವಿಷಯಕ್ಕೆ ಬಹು ಮುಖ್ಯವಾದುದು. ಬಸಿರಿನಿಂದಾಗಲಿ ಹೆರಿಗೆಯಿಂದಾಗಲಿ ಕಾಯಿಲೆ ಉಂಟಾಗಿ, ವೈದ್ಯರು ಅದನ್ನು ಪ್ರಮಾಣೀಕರಿಸಿ, ಆ ಕಾರಣದಿಂದ ಹೆಂಗಸು ನಿಗದಿಯಾದ ವಾರಗಳಿಗಿಂತ ಹೆಚ್ಚು ಕಾಲ ಕೆಲಸಕ್ಕೆ ಬಾರದಿದ್ದರೆ, ಆ ಅವಧಿಯಲ್ಲಿಯೂ ಆಕೆಗೆ ವಜಾ ನೋಟೀಸು ಕೊಡುವುದು ಕಾನೂನುಬದ್ಧವಲ್ಲ ಎಂಬುದು ಅದರ ಸಾರ. ಈ ರಕ್ಷಣೆ ಎಷ್ಟು ದಿನ ನಿಲ್ಲಬೇಕೆಂಬ ಗರಿಷ್ಠ ಮಿತಿಯನ್ನು ಆಯಾ ದೇಶವೇ ಗೊತ್ತುಮಾಡಬೇಕು. ಸಾಮಾನ್ಯ ಕಾಯಿಲೆಯೂ ಅಲ್ಲದ, ಹೆರಿಗೆಯ ರಜೆಯೂ ಅಲ್ಲದ ಮೂರನೆಯ ವರ್ಗವೊಂದಕ್ಕೆ ಇಲ್ಲಿ ಹೆಸರು ದೊರೆಯಿತು.

ಆ ಅಧಿವೇಶನದಲ್ಲಿ ಭಾರತದ ಕಾರ್ಮಿಕ ಪ್ರತಿನಿಧಿಯಾಗಿ ಕುಳಿತವರು ಎನ್. ಎಂ. ಜೋಶಿ. ಮುಂಬಯಿಯಲ್ಲಿ ೧೯೧೧ರಲ್ಲಿ ಸೋಷಿಯಲ್ ಸರ್ವಿಸ್ ಲೀಗನ್ನು ಸ್ಥಾಪಿಸಿ, ಗಿರಣಿಯ ಕೇರಿಗಳಲ್ಲಿ ಓಡಾಡಿ, ಕೂಲಿಕಾರರ ಬದುಕನ್ನು ಕಣ್ಣಾರೆ ಕಂಡವರು. ಭಾರತ ಸರಕಾರ ಆ ಒಡಂಬಡಿಕೆಗೆ ಒಪ್ಪಿಗೆ ನೀಡಲಿಲ್ಲ. ಇಲ್ಲಿಯ ಸ್ಥಿತಿಗತಿಗಳನ್ನು ಮೊದಲು ವಿಚಾರಿಸಬೇಕೆಂಬುದು ಅದರ ನಿಲುವಾಯಿತು. ವಿಚಾರಣೆಯೇನೋ ನಡೆಯಿತು. ಮುಂಬಯಿಯ ಗಿರಣಿಗಳಲ್ಲಿ ಆಗ ಕೆಲಸಗಾರರ ಸುಮಾರು ಐದನೆಯ ಒಂದು ಪಾಲು ಹೆಂಗಸರಿದ್ದರು. ಮಹಿಳಾ ವೈದ್ಯೆ ಡಾ. ಬಾರ್ನ್ಸ್ ಆ ಹೆಂಗಸರ ಪರಿಸ್ಥಿತಿಯನ್ನು ಪರಿಶೀಲಿಸಿ ಬರೆದ ವರದಿ ೧೯೨೨ರಲ್ಲಿ ಪ್ರಕಟವಾಯಿತು. ತಾಯಿ ಗಿರಣಿಗೆ ಹೋದಾಗ ಹಸುಗೂಸು ಅಳದೆ ಮಲಗಿರಲೆಂದು ಅದಕ್ಕೆ ಅಫೀಮು ತಿನ್ನಿಸುವ ರೂಢಿ ಎಷ್ಟು ವ್ಯಾಪಕವಾಗಿತ್ತೆಂಬುದು ಆ ಕಾಲದ ವಿಚಾರಣೆಗಳಿಂದ ಬೆಳಕಿಗೆ ಬಂದಿತು.

೧೯೨೪ರಲ್ಲಿ ಜೋಶಿಯವರು ಕೇಂದ್ರ ಶಾಸನಸಭೆಯಲ್ಲಿ ಹೆರಿಗೆ ಸೌಲಭ್ಯದ ಮಸೂದೆಯೊಂದನ್ನು ಮಂಡಿಸಿದರು. ಮರುವರ್ಷ ಅದು ಬಿದ್ದುಹೋಯಿತು. ಇಂಥ ಮಸೂದೆಗಳ ವಿರುದ್ಧ ಅಂದು ಹೂಡಿದ ವಾದಗಳು ಇಂದಿಗೂ ನಮ್ಮ ಕಿವಿಗೆ ಹೊಸವಲ್ಲ. ಕಾಲ ಇನ್ನೂ ಪಕ್ವವಾಗಿಲ್ಲ; ಹೆಂಗಸರು ಹೆರಿಗೆಗೆ ಹೇಗೂ ಊರಿಗೆ ಹೋಗುತ್ತಾರೆ; ಮಾಲೀಕನ ಮೇಲೆ ಭಾರ ಹೊರಿಸಿದರೆ ಆತ ಹೆಂಗಸರಿಗೆ ಕೆಲಸವನ್ನೇ ಕೊಡುವುದಿಲ್ಲ. ಮೊದಲಿನ ಎರಡು ವಾದಗಳು ಕಾಲಕ್ರಮದಲ್ಲಿ ಸತ್ತವು. ಮೂರನೆಯದು ಬದುಕಿ ಉಳಿಯಿತು.

ದೆಹಲಿಯಲ್ಲಿ ಸೋತುದು ಮುಂಬಯಿಯಲ್ಲಿ ಗೆದ್ದಿತು. ೧೯೨೮ರ ಜುಲೈ ತಿಂಗಳಿನಲ್ಲಿ ಮುಂಬಯಿ ಪ್ರಾಂತದ ಶಾಸನ ಪರಿಷತ್ತಿನ ಮುಂದೆ ಹೆರಿಗೆ ಸೌಲಭ್ಯದ ಮಸೂದೆ ಚರ್ಚೆಗೆ ಬಂದಾಗ ಅದನ್ನು ಬೆಂಬಲಿಸಿ ಮಾತನಾಡಿದವರಲ್ಲಿ ಡಾ. ಅಂಬೇಡ್ಕರ್ ಒಬ್ಬರು. ಹೆರಿಗೆಯ ಮುನ್ನ ಮತ್ತು ಅನಂತರ ತಾಯಿಗೆ ವಿಶ್ರಾಂತಿ ದೊರೆಯುವುದು ರಾಷ್ಟ್ರದ ಹಿತದ ವಿಷಯ ಎಂಬ ನೆಲೆಯಲ್ಲಿ ಅವರ ವಾದ ನಿಂತಿತ್ತು. ಆದುದರಿಂದ ಭಾರದ ಬಹುಪಾಲನ್ನು ಸರಕಾರ ಹೊರುವುದು ನ್ಯಾಯವಾದರೂ, ಹೆಂಗಸಿನ ಅಗ್ಗದ ದುಡಿಮೆಯಿಂದ ಲಾಭ ಪಡೆಯುವ ಮಾಲೀಕ ಸಂಪೂರ್ಣವಾಗಿ ಕೈತೊಳೆದುಕೊಳ್ಳುವಂತಿಲ್ಲ ಎಂದು ಅವರು ಪ್ರತಿಪಾದಿಸಿದರು. ೧೯೨೯ರಲ್ಲಿ ಮುಂಬಯಿ ಹೆರಿಗೆ ಸೌಲಭ್ಯ ಕಾಯಿದೆ ಜಾರಿಗೆ ಬಂದಿತು. ದಿನಕ್ಕೆ ಎಂಟು ಆಣೆ ಅದರ ಭತ್ಯೆ. ಬಾಣಂತಿಯನ್ನು ನಾಲ್ಕು ವಾರ ದುಡಿಸುವಂತಿರಲಿಲ್ಲ. ಇಂದು ಅಲ್ಪವೆಂದು ತೋರುವ ಆ ಎಂಟು ಆಣೆ ನಮ್ಮ ದೇಶದ ಕಾನೂನಿನಲ್ಲಿ ಬಾಣಂತನಕ್ಕೆ ಕಟ್ಟಿದ ಮೊದಲ ಬೆಲೆ. ಮುಂದೆ ಮಧ್ಯಪ್ರಾಂತ, ಮದರಾಸು, ಸಂಯುಕ್ತ ಪ್ರಾಂತ, ಬಂಗಾಳ, ಹೀಗೆ ಒಂದೊಂದೇ ಪ್ರಾಂತ ತನ್ನ ಕಾಯಿದೆಯನ್ನು ಮಾಡಿಕೊಂಡಿತು. ೧೯೩೧ರಲ್ಲಿ ವರದಿ ನೀಡಿದ ರಾಯಲ್ ಕಮಿಷನ್ ಇದಕ್ಕೆ ಒತ್ತಾಸೆಯಾಯಿತು. ಗಣಿಗಳ ಹೆಂಗಸರಿಗಾಗಿ ೧೯೪೧ರಲ್ಲಿ ಪ್ರತ್ಯೇಕ ಕಾನೂನು ಬಂದಿತು. ಅದರ ತಿದ್ದುಪಡಿಗಳನ್ನು ವೈಸರಾಯರ ಮಂತ್ರಿಮಂಡಲದ ಕಾರ್ಮಿಕ ಸದಸ್ಯರಾಗಿ ಅಂಬೇಡ್ಕರರೇ ಮಂಡಿಸಿದರು.

ಆದರೆ ಕಾನೂನು ಮುಂಬಾಗಿಲಿನಿಂದ ಒಳಬಂದಾಗ ಅದರ ಉದ್ದೇಶ ಹಿಂಬಾಗಿಲಿನಿಂದ ಹೊರಗೆ ಹೋಗುವುದುಂಟು. ೧೯೪೪ರಲ್ಲಿ ನೇಮಕವಾಗಿ ೧೯೪೬ರಲ್ಲಿ ವರದಿಯೊಪ್ಪಿಸಿದ ರೇಗೆ ಸಮಿತಿ ಇದನ್ನು ಗಮನಿಸಿತು. ಬಸಿರಿನ ಮೊದಲ ಕುರುಹು ಕಂಡೊಡನೆ ಹೆಂಗಸನ್ನು ಕೆಲಸದಿಂದ ಬಿಡಿಸುವ ಮಾಲೀಕರಿದ್ದರು. ಮದುವೆಯಾಗದವರನ್ನು, ವಿಧವೆಯರನ್ನು, ಹೆರುವ ವಯಸ್ಸು ದಾಟಿದವರನ್ನು ಆರಿಸಿ ನೇಮಿಸಿಕೊಳ್ಳುವವರೂ ಇದ್ದರು. ರಜೆಯ ಹಕ್ಕು ಹುಟ್ಟುವ ಮೊದಲೇ ನೌಕರಿ ತೀರಿಹೋದರೆ ಎಂಟು ಆಣೆಯ ಮಾತೇ ಏಳುವುದಿಲ್ಲ. ಭತ್ಯೆಯ ಹಕ್ಕಿಗಿಂತ ನೌಕರಿಯಲ್ಲಿ ಉಳಿಯುವ ಹಕ್ಕು ಮೂಲವಾದುದು ಎಂಬ ಪಾಠವನ್ನು ಈ ಅನುಭವ ಕಲಿಸಿತು. ಅದರಲ್ಲಿಯೂ ಬಸಿರಿನ ನಡುವೆ ಕಾಯಿಲೆ ಬಿದ್ದವಳ ಪಾಡು ಇನ್ನೂ ಸೂಕ್ಷ್ಮ. ಹೆರಿಗೆಯ ದಿನ ದೂರವಿದೆ; ಆ ರಜೆ ಇನ್ನೂ ಆರಂಭವಾಗಿಲ್ಲ. ಸಾಮಾನ್ಯ ಕಾಯಿಲೆಯ ರಜೆ ಕೆಲವೇ ದಿನಗಳದು. ನಡುವಿನ ಆ ಬಿರುಕಿನಲ್ಲಿ ಬಿದ್ದವಳ ಹೆಸರನ್ನು ಹಾಜರಿಪುಸ್ತಕದಿಂದ ಹೊಡೆದುಹಾಕಲು ಮಾಲೀಕನಿಗೆ ದ್ವೇಷವೂ ಬೇಕಾಗಿರಲಿಲ್ಲ, ನಿಯಮದ ಪುಸ್ತಕವೊಂದಿದ್ದರೆ ಸಾಕಾಗಿತ್ತು.

ಸ್ವಾತಂತ್ರ್ಯಾನಂತರ ಈ ಬಿರುಕನ್ನು ಮುಚ್ಚುವ ಕೆಲಸ ಎರಡು ದಿಕ್ಕಿನಿಂದ ನಡೆಯಿತು. ೧೯೪೮ರ ನೌಕರರ ರಾಜ್ಯ ವಿಮಾ ಕಾಯಿದೆ ಹೆರಿಗೆಯ ಖರ್ಚನ್ನು ಒಬ್ಬ ಮಾಲೀಕನ ಜೇಬಿನಿಂದ ತೆಗೆದು ಎಲ್ಲರ ವಂತಿಗೆಯ ನಿಧಿಗೆ ವರ್ಗಾಯಿಸಿತು. ಬಸಿರು ಅಥವಾ ಹೆರಿಗೆಯಿಂದ ಬಂದ ಕಾಯಿಲೆಯ ಕಾರಣ ವೈದ್ಯರ ಪ್ರಮಾಣಪತ್ರದೊಡನೆ ಗೈರುಹಾಜರಾದವಳನ್ನು ವಜಾ ಮಾಡಬಾರದು, ಶಿಕ್ಷಿಸಬಾರದು ಎಂದೂ ಅದು ವಿಧಿಸಿತು. ಇ.ಎಸ್.ಐ. ಎಂಬ ಹೆಸರಿನಿಂದ ನಮಗೆಲ್ಲ ಪರಿಚಿತವಾದ ಈ ಯೋಜನೆ ೧೯೫೨ರ ಫೆಬ್ರವರಿಯಲ್ಲಿ ಕಾನ್ಪುರ ಮತ್ತು ದೆಹಲಿಗಳಲ್ಲಿ ಆರಂಭವಾಯಿತು. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನ ತನ್ನ ೪೨ನೆಯ ಅನುಚ್ಛೇದದಲ್ಲಿ ನ್ಯಾಯವೂ ಮಾನವೀಯವೂ ಆದ ಕೆಲಸದ ಪರಿಸ್ಥಿತಿಗಳನ್ನೂ ಹೆರಿಗೆಯ ನೆರವನ್ನೂ ಒಂದೇ ಉಸಿರಿನಲ್ಲಿ ಹೇಳಿತು.

ಎರಡನೆಯದು ೧೯೬೧ರ ಡಿಸೆಂಬರ್ ೧೨ರ ಹೆರಿಗೆ ಸೌಲಭ್ಯ ಕಾಯಿದೆ. ಕಾರ್ಖಾನೆ, ಗಣಿ, ತೋಟಗಳ ಹೆಂಗಸರಿಗೆ ದೇಶಕ್ಕೆಲ್ಲ ಒಂದೇ ನಿಯಮ ಇದರಿಂದ ದೊರೆಯಿತು. ನಮ್ಮ ಕೊಡಗು ಚಿಕ್ಕಮಗಳೂರುಗಳ ಕಾಫಿ ತೋಟದ ಹೆಣ್ಣಾಳುಗಳೂ ಅದರ ಆಸರೆಗೆ ಬಂದರು. ಹನ್ನೆರಡು ವಾರದ ರಜೆ, ಗರ್ಭಪಾತವಾದರೆ ಆರು ವಾರ ಎಂಬಿವು ಅದರ ಹೆಸರಾಂತ ಅಂಶಗಳು. ಅಷ್ಟಾಗಿ ಯಾರ ಕಣ್ಣಿಗೂ ಬೀಳದೆ ಉಳಿದುದು ಹತ್ತನೆಯ ಕಲಮು. ಬಸಿರಿನಿಂದ, ಹೆರಿಗೆಯಿಂದ, ಅಕಾಲದ ಹೆರಿಗೆಯಿಂದ ಅಥವಾ ಗರ್ಭಪಾತದಿಂದ ಉಂಟಾದ ಕಾಯಿಲೆಗೆ, ಉಳಿದ ರಜೆಯ ಜೊತೆಗೆ ಹೆಚ್ಚಿನದಾಗಿ, ಕೂಲಿಸಮೇತ ಒಂದು ತಿಂಗಳವರೆಗೆ ರಜೆ ಎಂದು ಅದು ಹೇಳಿತು. ವಾಷಿಂಗ್‌ಟನ್ನಿನಲ್ಲಿ ಆಯಾ ದೇಶಕ್ಕೆ ಬಿಟ್ಟ ಗರಿಷ್ಠ ಮಿತಿಗೆ ನಲವತ್ತೆರಡು ವರ್ಷಗಳ ಅನಂತರ ಭಾರತ ಕೊಟ್ಟ ಉತ್ತರ ಈ ಒಂದು ತಿಂಗಳು ಎಂದರೆ ತಪ್ಪಾಗದು.

ಹತ್ತನೆಯ ಕಲಮನ್ನು ಹನ್ನೆರಡನೆಯದರೊಡನೆ ಕೂಡಿಸಿ ಓದಿದರೆ ಮಾತ್ರ ಅದರ ಬಲ ತಿಳಿಯುತ್ತದೆ. ಈ ಕಾಯಿದೆಯಂತೆ ರಜೆಯಲ್ಲಿರುವ ಹೆಂಗಸನ್ನು ಆ ಅವಧಿಯಲ್ಲಿ ವಜಾ ಮಾಡಕೂಡದು. ರಜೆಯ ನಡುವೆ ಮುಗಿಯುವಂತೆ ನೋಟೀಸನ್ನೂ ಕೊಡಕೂಡದು. ಆಕೆಗೆ ನಷ್ಟವಾಗುವಂತೆ ಸೇವೆಯ ಷರತ್ತುಗಳನ್ನೂ ಬದಲಿಸಕೂಡದು. ಬಸಿರಿನ ಅವಧಿಯಲ್ಲಿ ಯಾವಾಗ ತೆಗೆದುಹಾಕಿದರೂ, ಘೋರ ದುರ್ನಡತೆಯ ಪ್ರಸಂಗವೊಂದನ್ನು ಬಿಟ್ಟು, ಆಕೆಯ ಭತ್ಯೆ ತಪ್ಪುವುದಿಲ್ಲ. ಅನ್ಯಾಯವಾದರೆ ಅರವತ್ತು ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ರೇಗೆ ಸಮಿತಿ ಕಂಡ ಹಿಂಬಾಗಿಲಿಗೆ ಹೀಗೆ ಅಗಳಿ ಬಿದ್ದಿತು.

ಅಗಳಿ ಎಷ್ಟು ಗಟ್ಟಿ ಎಂಬುದನ್ನು ನೋಡಿದುದು ನ್ಯಾಯಾಲಯಗಳು. ಆನೆಮಲೆಯ ತೋಟವೊಂದರ ಕೂಲಿ ಹೆಂಗಸಿಗೆ ಹನ್ನೆರಡು ವಾರದ ಭತ್ಯೆ ಕೊಡುವಾಗ ಮಾಲೀಕರು ಭಾನುವಾರಗಳನ್ನು ಬಿಟ್ಟು ೭೨ ದಿನಗಳನ್ನು ಮಾತ್ರ ಎಣಿಸಿದರು. ಮೊಕದ್ದಮೆ ಕೊಯಮತ್ತೂರಿನ ಕಾರ್ಮಿಕ ನ್ಯಾಯಾಲಯದಿಂದ ಸುಪ್ರೀಂ ಕೋರ್ಟಿನವರೆಗೂ ಏರಿತು. ೧೯೭೭ರಲ್ಲಿ ತೀರ್ಪು ಬಂದಿತು: ವಾರವೆಂದರೆ ಏಳು ದಿನ, ಹನ್ನೆರಡು ವಾರವೆಂದರೆ ೮೪ ದಿನ. ಬಾಣಂತಿಯ ಹಸಿವಿಗೆ ಭಾನುವಾರದ ರಜೆಯಿಲ್ಲ ಎಂಬ ಸರಳ ಸತ್ಯವನ್ನು ಸಾಧಿಸಲು ದೇಶದ ಅತ್ಯುಚ್ಚ ನ್ಯಾಯಾಲಯವೇ ಬೇಕಾಯಿತು. ೧೯೮೧ರಲ್ಲಿ ಅದೇ ನ್ಯಾಯಾಲಯ, ಮೊದಲ ಬಸಿರಿನೊಡನೆ ಗಗನಸಖಿಯ ನೌಕರಿಯನ್ನು ಕೊನೆಗಾಣಿಸುತ್ತಿದ್ದ ಏರ್ ಇಂಡಿಯಾ ನಿಯಮವನ್ನು ಕಿತ್ತೊಗೆಯಿತು. ೧೯೯೧ರಲ್ಲಿ, ಮುಟ್ಟಿನ ದಿನಾಂಕಗಳನ್ನೂ ಹಿಂದಿನ ಬಸಿರುಗಳನ್ನೂ ವಿಚಾರಿಸುವ ನೇಮಕಾತಿ ನಮೂನೆಯನ್ನು ಖಂಡಿಸಿ, ಹೆರಿಗೆ ರಜೆಯಿಂದ ಮರಳಿದಾಗ ಕೆಲಸ ಕಳೆದುಕೊಂಡಿದ್ದ ಯುವತಿಯನ್ನು ಮತ್ತೆ ಸೇರಿಸಿಕೊಳ್ಳುವಂತೆ ಆಜ್ಞಾಪಿಸಿತು.

ಇದೇ ದಶಕಗಳಲ್ಲಿ ಪಶ್ಚಿಮದ ನ್ಯಾಯಾಲಯಗಳೂ ಇದೇ ಗಂಟನ್ನು ಬಿಚ್ಚುತ್ತಿದ್ದುವು. ಬಸಿರಿನ ಕಾರಣ ಕೆಲಸ ತಪ್ಪಿದ ದಿನಗಳನ್ನು ಕಾಯಿಲೆಯ ವಿಮೆಯಿಂದ ಹೊರಗಿಟ್ಟರೆ ಅದು ಲಿಂಗಭೇದವಲ್ಲ ಎಂದು ೧೯೭೬ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹೇಳಿತು. ೧೯೭೮ರಲ್ಲಿ ಅಲ್ಲಿಯ ಸಂಸತ್ತು ಕಾನೂನು ಮಾಡಿ ಆ ತೀರ್ಪನ್ನು ತಳ್ಳಿಹಾಕಿತು. ಬಸುರಿಯನ್ನು ಅಷ್ಟೇ ಅಶಕ್ತನಾದ ಇತರ ನೌಕರನಂತೆ ನಡೆಸಿಕೊಳ್ಳಬೇಕೆಂದಿತು. ಯುರೋಪಿನ ನ್ಯಾಯಾಲಯ ಬೇರೆ ದಾರಿ ಹಿಡಿಯಿತು. ೧೯೯೦ರಲ್ಲಿ ಡೆನ್ಮಾರ್ಕಿನ ಹೆಂಗಸೊಬ್ಬಳ ಮೊಕದ್ದಮೆಯಲ್ಲಿ, ಹೆರಿಗೆ ರಜೆ ಮುಗಿದ ಮೇಲೆ ಬರುವ ಕಾಯಿಲೆ, ಅದರ ಬೇರು ಹೆರಿಗೆಯಲ್ಲಿದ್ದರೂ, ಇತರ ಕಾಯಿಲೆಗಳಂತೆಯೇ ಎಂದಿತು. ಆದರೆ ಬಸಿರಿನ ನಡುವಿನ ಕಾಯಿಲೆ? ಸ್ಕಾಟ್ಲೆಂಡಿನ ವಾಹನ ಚಾಲಕಿಯೊಬ್ಬಳು ೧೯೯೦ರ ಆಗಸ್ಟಿನಲ್ಲಿ ಬಸಿರಿನ ತೊಂದರೆಗಳಿಂದ ಹಾಸಿಗೆ ಹಿಡಿದಳು. ಇಪ್ಪತ್ತಾರು ವಾರ ಸತತವಾಗಿ ಕಾಯಿಲೆಯಲ್ಲಿದ್ದವರು ಗಂಡಾಗಲಿ ಹೆಣ್ಣಾಗಲಿ ವಜಾ ಎಂಬುದು ಆಕೆಯ ಕಂಪನಿಯ ನಿಯಮ. ೧೯೯೧ರ ಫೆಬ್ರವರಿಯಲ್ಲಿ ನೌಕರಿ ಹೋಯಿತು. ಮಾರ್ಚಿಯಲ್ಲಿ ಮಗು ಹುಟ್ಟಿತು. ೧೯೯೮ರಲ್ಲಿ ತೀರ್ಪು ಬಂದಿತು. ಬಸುರಿಯ ಕಾಯಿಲೆಯನ್ನು ಗಂಡಸಿನ ಕಾಯಿಲೆಯೊಡನೆ ತೂಗುವುದೇ ತಪ್ಪು. ಬಸಿರಿನ ಆರಂಭದಿಂದ ಹೆರಿಗೆ ರಜೆ ಮುಗಿಯುವವರೆಗೆ ಆ ಕಾರಣದ ಗೈರುಹಾಜರಿಗಾಗಿ ವಜಾ ಮಾಡುವುದು ಲಿಂಗಭೇದವೇ ಸರಿ ಎಂದು ನ್ಯಾಯಾಧೀಶರು ಹೇಳಿದರು.

ಎಲ್ಲರಿಗೂ ಒಂದೇ ನಿಯಮ ಎಂಬ ಮಾತಿಗೆ ನ್ಯಾಯದ ಮುಖವಿದೆ. ಆದರೆ ಬಸಿರಿನ ಬೇನೆ ಗಂಡಸಿಗೆ ಬರುವಂಥದಲ್ಲ. ಇಬ್ಬರನ್ನೂ ಒಂದೇ ಅಳತೆಗೋಲಿನಿಂದ ಅಳೆದಾಗ ಕೋಲಿನ ಪೆಟ್ಟು ಬೀಳುವುದು ಒಬ್ಬಳ ಮೇಲೆಯೇ. ಬಸಿರು ಕಾಯಿಲೆಯಲ್ಲ ಎಂದ ನಮ್ಮ ಹಿರಿಯ ಹೆಂಗಸರ ಮಾತು ಯುರೋಪಿನ ನ್ಯಾಯಪೀಠದಲ್ಲಿ ಹೊಸ ಅರ್ಥ ಪಡೆಯಿತೆನ್ನಬಹುದು. ಭಾರತದ ಕಾನೂನು ಈ ಭೇದವನ್ನು ೧೯೬೧ರಲ್ಲಿಯೇ ಗುರುತಿಸಿತ್ತೆಂಬುದು ಸಮಾಧಾನದ ಸಂಗತಿ. ಆದರೆ ನಮ್ಮ ರಕ್ಷಣೆಯನ್ನು ದಿನಗಳ ಲೆಕ್ಕಕ್ಕೆ ಕಟ್ಟಿದ್ದೇವೆ. ಐದನೆಯ ತಿಂಗಳಲ್ಲಿ ರಕ್ತಸ್ರಾವವಾಗಿ, ಮಲಗಿದಲ್ಲಿಂದ ಏಳಬಾರದೆಂದು ವೈದ್ಯರು ಅಪ್ಪಣೆ ಮಾಡಿದವಳಿಗೆ ಆ ಒಂದು ತಿಂಗಳು ಮುಗಿದ ಮೇಲೆ ಹೆರಿಗೆ ರಜೆ ಆರಂಭವಾಗುವವರೆಗಿನ ದಿನಗಳನ್ನು ಯಾವ ಕಲಮು ಕಾಯುತ್ತದೆ? ಆಗ ಆಕೆ ಮಾಲೀಕನ ದಯೆಯನ್ನು ನೆಚ್ಚಬೇಕು, ಇಲ್ಲವೇ ಸಾಮಾನ್ಯ ರಜೆಯ ಉಳಿಕೆಯನ್ನು.

ಕಳೆದ ಕೆಲವು ದಶಕಗಳಲ್ಲಿ ಹಕ್ಕಿನ ವಿಸ್ತಾರ ಬಹಳ ಹೆಚ್ಚಿತು. ದೆಹಲಿ ನಗರಪಾಲಿಕೆಯ ದಿನಗೂಲಿ ಹೆಂಗಸರಿಗೂ ಹೆರಿಗೆ ಸೌಲಭ್ಯ ಸಲ್ಲಬೇಕೆಂದು ೨೦೦೦ದ ಮಾರ್ಚ್ ೮ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ೨೦೧೭ರ ತಿದ್ದುಪಡಿ ಮೊದಲ ಎರಡು ಮಕ್ಕಳ ಹೆರಿಗೆಯ ರಜೆಯನ್ನು ಹನ್ನೆರಡರಿಂದ ಇಪ್ಪತ್ತಾರು ವಾರಕ್ಕೆ ಏರಿಸಿತು. ಗುತ್ತಿಗೆಯ ಅವಧಿ ಮುಗಿದರೂ ಹೆರಿಗೆಯ ಸೌಲಭ್ಯ ಮುಗಿಯದು ಎಂದು ೨೦೨೩ರಲ್ಲಿ ನ್ಯಾಯಾಲಯ ಹೇಳಿತು. ೧೯೬೧ರ ಕಾಯಿದೆಯ ಜಾಗದಲ್ಲಿ ಈಗ ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆ ನಿಂತಿದೆ; ೨೦೨೫ರ ನವೆಂಬರ್ ೨೧ರಂದು ಅದು ಜಾರಿಗೆ ಬಂದಿತು. ಹಳೆಯ ಹತ್ತನೆಯ ಕಲಮಿನ ಸಾರ ಹೊಸ ಸಂಹಿತೆಗೂ ಇಳಿದು ಬಂದಿದೆ. ಹೆರಿಗೆಯ ರಜೆ ಇಮ್ಮಡಿಗೂ ಮಿಗಿಲಾಗಿ ಬೆಳೆದರೂ ಬೇನೆಯ ರಜೆ ಮಾತ್ರ ಅದೇ ಒಂದು ತಿಂಗಳಲ್ಲಿ ನಿಂತಿದೆ.

ಜೋಶಿಯವರ ಮಸೂದೆಯ ವಿರುದ್ಧ ಎದ್ದ ಮೂರನೆಯ ವಾದವನ್ನು ಇಲ್ಲಿ ಮತ್ತೆ ನೆನೆಯಬೇಕಾಗುತ್ತದೆ. ಭಾರವೆಲ್ಲ ಒಬ್ಬ ಮಾಲೀಕನ ಹೆಗಲಿಗೆ ಬಿದ್ದರೆ ಆತ ಹೆಣ್ಣನ್ನು ನೇಮಿಸಿಕೊಳ್ಳಲು ಅಂಜುತ್ತಾನೆ ಎಂಬುದು ಪೊಳ್ಳು ಮಾತಲ್ಲ. ಅದಕ್ಕೆ ಹಕ್ಕನ್ನು ಮೊಟಕುಗೊಳಿಸುವುದು ಪರಿಹಾರವಲ್ಲ, ಭಾರವನ್ನು ಹಂಚುವುದು ಪರಿಹಾರ. ವಾಷಿಂಗ್‌ಟನ್ನಿನ ಒಡಂಬಡಿಕೆ ಅದನ್ನು ೧೯೧೯ರಲ್ಲಿಯೇ ಸೂಚಿಸಿತ್ತು, ಅಂಬೇಡ್ಕರರು ೧೯೨೮ರಲ್ಲಿ ಹೇಳಿದುದರ ತಾತ್ಪರ್ಯವೂ ಅದೇ, ಇ.ಎಸ್.ಐ. ಯೋಜನೆ ಅದನ್ನು ಒಂದು ಎಲ್ಲೆಯೊಳಗೆ ನಡೆಸಿ ತೋರಿಸಿದೆ. ಆ ಎಲ್ಲೆಯ ಹೊರಗೆ ಉಳಿದವರ ಸಂಖ್ಯೆಯೇ ದೊಡ್ಡದು. ನಾಟಿ ಹಾಕುವವಳು, ಬೀದಿಯಲ್ಲಿ ಹೂ ಕಟ್ಟುವವಳು, ನಾಲ್ಕು ಮನೆಗಳ ಪಾತ್ರೆ ತೊಳೆಯುವವಳು, ಕಟ್ಟಡದ ಬುಟ್ಟಿ ಹೊರುವವಳು, ಇವರಿಗೆ ಹಾಜರಿಪುಸ್ತಕವೇ ಇಲ್ಲ. ಅದರಲ್ಲಿ ಯಾವ ಹೆಸರಿನಿಂದ ರಜೆ ಬರೆಯಬೇಕೆಂಬ ಪ್ರಶ್ನೆಯೂ ಇಲ್ಲ. ೨೦೧೩ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆ ಪ್ರತಿಯೊಬ್ಬ ಬಸುರಿಗೂ ಬಾಣಂತಿಗೂ ಆರು ಸಾವಿರ ರೂಪಾಯಿಗೆ ಕಡಮೆಯಿಲ್ಲದ ನೆರವನ್ನು ವಾಗ್ದಾನ ಮಾಡಿತು. ಅದು ಆಹಾರಕ್ಕೆ ಆದೀತು. ಬೇನೆ ಬಿದ್ದವಳ ಕೆಲಸವನ್ನು ಅವಳು ಮರಳುವವರೆಗೆ ಕಾದಿರಿಸುವ ಶಕ್ತಿ ಆ ಹಣಕ್ಕಿಲ್ಲ.

ಎಂಟು ಆಣೆಯಿಂದ ಇಪ್ಪತ್ತಾರು ವಾರದವರೆಗಿನ ದಾರಿಯನ್ನು ನಾವು ಸುಮಾರು ತೊಂಬತ್ತು ವರ್ಷಗಳಲ್ಲಿ ನಡೆದು ಬಂದೆವು. ಆ ದಾರಿಯಲ್ಲಿ ಇಟ್ಟ ಒಂದೊಂದು ಹೆಜ್ಜೆಯ ಹಿಂದೆಯೂ ಸೋತ ಮಸೂದೆಯೊಂದು, ಹಟ ಹಿಡಿದು ಮೊಕದ್ದಮೆ ಹೂಡಿದ ಹೆಂಗಸೊಬ್ಬಳು ಇದ್ದಾಳೆ. ಬಸಿರಿನ ರಜೆ ಪಡೆದವಳ ಮೇಜಿನ ಮುಂದೆ ನಿಂತು, ಇದು ಕಾಯಿಲೆಯೇನೂ ಅಲ್ಲವಲ್ಲ ಎಂದು ಹುಬ್ಬು ಹಾರಿಸುವ ಮೇಲಧಿಕಾರಿ ಇಂದಿಗೂ ಅಪರೂಪವಲ್ಲ. ಬಸಿರು ಕಾಯಿಲೆಯಲ್ಲ, ನಿಜ. ಆದುದರಿಂದಲೇ ಅದರಿಂದ ಹುಟ್ಟುವ ಬೇನೆಯನ್ನು ಸಾಮಾನ್ಯ ಕಾಯಿಲೆಯ ಲೆಕ್ಕಕ್ಕೆ ಸೇರಿಸಿ ಅವಳ ಅನ್ನಕ್ಕೆ ಕಲ್ಲು ಹಾಕಬಾರದೆಂದು ಕಾನೂನು ಹೇಳಿತು.